ಬಲಗೈಗೆ ಮಾತು ಬಂದ ಮೇಲೆ

ಮಾರ್ಚ್ ೯, ಭಾನುವಾರ

ನನ್ನ ಜುಟ್ಟು ಮಗಳಿಗೆ,

ಅಮ್ಮನಿಂದ ಒಂದು ಬಿಗಿಯಾದ ಅಪ್ಪುಗೆ. ಅಕ್ಷರ ನೋಡಿ ಗಾಬರಿಯಾಗಬೇಡ. ಒಂದನೇ ತರಗತಿಯ ಮಗು ಬರೆದ ಹಾಗಿದೆ ಎಂದು ನಿಮ್ಮಪ್ಪ ಆಗಲೇ ಹೆಗಲ ಮೇಲಿಂದ ಇಣುಕಿ, ಎದುರಿಗೆ ಬಂದು ನಿಂತು ಹೇಳಿಯೂ ಹೋದರು. ಏಳು ವಾರಗಳ ನಂತರ ಬಲಗೈಯಲ್ಲಿ ಪೆನ್ನು ಹಿಡಿದಿದ್ದೇನೆ. ಸಾಲುಗಳು ದಿಬ್ಬ ಹತ್ತಿ ಇಳಿಯುತ್ತಿವೆ, ನೀನೇ ಸರಿಮಾಡಿಕೊಂಡು ಓದು.

ನಿನಗೀಗ ಮೂವತ್ತನಾಲ್ಕು. ಬಸ್ಸು ಓಡಿಸುತ್ತೀಯ, ಹೊಸ ಡ್ರೈವರುಗಳಿಗೆ ಪಾಠ ಹೇಳುತ್ತೀಯ. ಆದರೂ ನಮ್ಮ ಕಿವುಡರ ಸಂಘದಲ್ಲಿ ನಿನ್ನ ಹೆಸರು ಇವತ್ತಿಗೂ ಅದೇ, ತಲೆಯ ಎರಡು ಪಕ್ಕಕ್ಕೆ ಎರಡು ಬೆರಳು ಚಿಮ್ಮಿಸುವ ಸನ್ನೆ. ಕೈಯಲ್ಲಿ ಮಾತಾಡುವ ನಮ್ಮಂಥವರ ನಡುವೆ ಒಮ್ಮೆ ಬಿದ್ದ ಹೆಸರು ಜಪ್ಪಯ್ಯ ಅಂದರೂ ಅಳಿಸುವುದಿಲ್ಲ. ಆದ್ದರಿಂದ ಪತ್ರದಲ್ಲೂ ಜುಟ್ಟು ಎಂದೇ ಕರೆದಿದ್ದೇನೆ.

ನಿನ್ನ ಮೆಸೇಜು ಬಂದು ಹನ್ನೊಂದು ದಿನವಾಯಿತು. ‘ಆಪರೇಷನ್ ಅಂತ ನನಗೆ ಯಾಕೆ ಹೇಳಲಿಲ್ಲ? ನಾನಿರಲಿಲ್ವಾ?’ ಎಂದು ಎರಡೇ ಸಾಲು. ಅದಕ್ಕೆ ನಾನು ಕಳಿಸಿದ್ದು ಒಂದು ನಗುವ ಮುಖದ ಚಿತ್ರ. ಅದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು. ನಿನ್ನ ಸಿಟ್ಟು ನ್ಯಾಯವಾದದ್ದೇ. ಕ್ಷಮಿಸು. ಎಡಗೈ ಹೆಬ್ಬೆರಳಿನಿಂದ ಫೋನು ಕುಟ್ಟಿ ಹೇಳುವ ವಿಷಯವಲ್ಲ ಎಂದು ತಡಮಾಡಿದೆ. ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ. ಅವರ ಕೈಗೆ ಬೀಗ ಹಾಕಿದವಳು ನಾನು. ವಿಡಿಯೋದಲ್ಲಿ ಅವರು ಬಾಯಿಜಾರುವ ಹಾಗೆ ಕೈಜಾರಿ ‘ಆಪರೇಷನ್’ ಎಂದದ್ದು ಅವರಿಗೇ ಗೊತ್ತಾಗಲಿಲ್ಲವಂತೆ. ನಲವತ್ತು ವರ್ಷದಲ್ಲಿ ಒಂದು ಸುಳ್ಳನ್ನೂ ನೆಟ್ಟಗೆ ಹೇಳಿದವರಲ್ಲ ಅವರು. ಆಗಲಿ ಬಿಡು, ಒಳ್ಳೆಯದೇ ಆಯಿತು.

ಆಗ ನಿನಗೆ ತರಬೇತಿಯ ಗಲಾಟೆ, ಹತ್ತು ಜನ ಹೊಸಬರನ್ನು ಬಿಟ್ಟು ಬರಲಾಗುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ ಎಂದುಕೋ. ಮೊದಲು ನಡೆದದ್ದನ್ನು ಹೇಳುತ್ತೇನೆ.

ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಉಂಗುರದ ಬೆರಳಿನ ಬುಡದಲ್ಲಿ, ಅಂಗೈಯೊಳಗೆ ಒಂದು ಗಂಟು. ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದೆ ಎಂದುಕೊಂಡೆ. ದಿನಕ್ಕೆ ಎಂಟು ಗಂಟೆ ಪರದೆಯ ಬಟ್ಟೆ ಕತ್ತರಿಸುವವಳಿಗೆ ಜಡ್ಡು ದೊಡ್ಡ ವಿಷಯವೇ? ಗಂಟು ಹೋಗಿ ಹುರಿಯಾಯಿತು. ಚರ್ಮದ ಕೆಳಗೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಮೊದಲು ಉಂಗುರದ ಬೆರಳು, ಅದರ ಹಿಂದೆಯೇ ಕಿರುಬೆರಳು ಅಂಗೈ ಕಡೆ ಬಗ್ಗಿದವು. ಬಗ್ಗಿದವು ಮೇಲೇಳಲಿಲ್ಲ. ಕಳೆದ ವರ್ಷದ ಹೊತ್ತಿಗೆ ಮುಖ ತೊಳೆಯಹೋದರೆ ನನ್ನ ಬೆರಳೇ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಕೋಟಿನ ಜೇಬಿಗೆ ಕೈ ಹಾಕಿದರೆ ಬಾಗಿದ ಬೆರಳು ಅಂಚಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಮೇಜಿನ ಮೇಲೆ ಬಟ್ಟೆ ಹಾಸಿ ಅಂಗೈಯಲ್ಲಿ ನೀವಿದರೆ ಸುಕ್ಕು ಹೋಗುವ ಬದಲು ಹೊಸ ಸುಕ್ಕು ಏಳುತ್ತಿತ್ತು. ಅಂಗಡಿಯ ಒಡತಿ ಒಳ್ಳೆಯವಳು. ಏನೂ ಅನ್ನದೆ ನನ್ನನ್ನು ಕತ್ತರಿಯ ಮೇಜಿನಿಂದ ಎಬ್ಬಿಸಿ ಬಳೆ ಹೊಲಿಯುವ ಮೂಲೆಗೆ ಕೂರಿಸಿದಳು, ಪರದೆಯ ಕಂಬಿಗೆ ಸಿಕ್ಕಿಸುವ ಬಳೆಗಳು. ಅಲ್ಲಿ ಕೆಲಸ ಕಲಿಯಲು ಬಂದ ಹುಡುಗಿಯರು ಕೂರುತ್ತಾರೆ.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಮಾತು. ನನ್ನ ಮಾತು ತೊದಲತೊಡಗಿತು. ಅಂಗೈ ಬಿಡಿಸಿ ತೋರಿಸಬೇಕಾದ ಯಾವ ಸನ್ನೆಯೂ ನೆಟ್ಟಗೆ ಬರುತ್ತಿರಲಿಲ್ಲ. ಐದು ಬೆರಳು ಎತ್ತಿದರೆ ನೋಡುವವರಿಗೆ ಮೂರು ಕಾಣುತ್ತಿತ್ತು. ಸಂಘದ ಗೆಳತಿ ಗುಳಿಕೆನ್ನೆಯನ್ನೂ ಅವಳ ಗಂಡನನ್ನೂ ಐದು ಗಂಟೆಗೆ ಚಹಾಕ್ಕೆ ಬನ್ನಿ ಎಂದೆ. ಅವರು ಮೂರಕ್ಕೆ ಬಂದರು. ನಾನು ತಲೆತುಂಬ ಸೋಪಿನ ನೊರೆ ಮಾಡಿಕೊಂಡು ನಿಂತಿದ್ದೆ. ಗಂಟೆ ಒತ್ತಿದಾಗ ಬಾಗಿಲ ದೀಪ ಮಿಣುಕಿದ್ದು ನನಗೆಲ್ಲಿ ಕಾಣಬೇಕು? ನಿಮ್ಮಪ್ಪ ಬನಿಯನ್ನಿನಲ್ಲೇ ಹೋಗಿ ಬಾಗಿಲು ತೆಗೆದರು. ಎಲ್ಲರೂ ನಕ್ಕೆವು. ನಕ್ಕಾದ ಮೇಲೆ ಗುಳಿಕೆನ್ನೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: “ನಿನ್ನ ಮಾತು ಅರ್ಥವಾಗದೆ ಸಂಘದಲ್ಲಿ ಜನ ಸುಮ್ಮನೆ ತಲೆಯಾಡಿಸ್ತಿದಾರೆ ಕಣೇ. ನಾನೂ ಕೆಲವು ಸಲ ಆಡಿಸಿದೀನಿ. ಡಾಕ್ಟರಿಗೆ ತೋರಿಸು.”

ಐವತ್ತು ವರ್ಷದ ಗೆಳೆತನ. ಅವಳೂ ತಲೆಯಾಡಿಸಿದ್ದಳಂತೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಕೈ ಸೋಲುತ್ತಿದೆ. ವ್ಯಾಯಾಮ ಮಾಡಿಸುವವಳು ದಿನಕ್ಕೆ ಅರ್ಧ ಗಂಟೆ ಬರೆಯಿರಿ, ಹೆಚ್ಚು ಬೇಡ ಎಂದಿದ್ದಾಳೆ. ಉಳಿದದ್ದು ಇನ್ನೊಂದು ದಿನ.

ಮಾರ್ಚ್ ೧೧, ಮಂಗಳವಾರ

ನಿನ್ನೆ ಬೆರಳು ಊದಿತ್ತು, ಬರೆಯಲಿಲ್ಲ. ಇವತ್ತು ಹುಷಾರು.

ಡಾಕ್ಟರರಿಗೆ ನಾವು ಇಟ್ಟ ಹೆಸರು ಹುಬ್ಬು. ಮಾಸ್ಕಿನ ಮೇಲೆ ಅದೊಂದೇ ಕಾಣುವುದು, ಎರಡು ಪೊರಕೆ ಅಂಟಿಸಿದ ಹಾಗೆ. ಅಂಗೈಯನ್ನು ಮೇಜಿನ ಮೇಲೆ ಕವುಚಿ ಇಡಿ ಎಂದರು. ಇಟ್ಟೆ. ಕೈಯ ಕೆಳಗೆ ಒಂದು ಇಲಿ ಓಡಾಡುವಷ್ಟು ಜಾಗ. ಕಾಯಿಲೆಗೆ ಯಾವುದೋ ಹಳೆಯ ಕಾಲದ ವೈದ್ಯನ ಹೆಸರಿದೆಯಂತೆ, ಅಷ್ಟುದ್ದ. ಅಂಗೈಯೊಳಗಿನ ಪದರ ದಪ್ಪವಾಗಿ ಹುರಿಗಟ್ಟಿದೆ, ಕೊಯ್ದು ತೆಗೆದರೆ ಬೆರಳು ಬಿಡಿಸಿಕೊಳ್ಳುತ್ತದೆ, ಆದರೆ ಮತ್ತೆ ಬರುವುದಿಲ್ಲವೆಂದು ಮಾತು ಕೊಡಲಾರೆ ಎಂದರು. ವಂಶದಲ್ಲೂ ಇಳಿಯಬಹುದಂತೆ. ನೀನು ಆಗಾಗ ನಿನ್ನ ಅಂಗೈ ಒತ್ತಿ ನೋಡಿಕೋ. ಗಂಟು ಸಿಕ್ಕರೆ ನನ್ನ ಹಾಗೆ ನಾಲ್ಕು ವರ್ಷ ಕೂರಬೇಡ.

ಎಷ್ಟೋ ವರ್ಷದಿಂದ ಚೀಟಿ ಬರೆದು ಬರೆದೇ ಆಸ್ಪತ್ರೆಯ ಕೆಲಸ ಮುಗಿಸಿಕೊಂಡವಳು ನಾನು. ಈ ಸಲ ಬರೆಯುವ ಕೈಯೇ ಕತ್ತರಿಗೆ ಸಿಗುವುದು. ಫಾರಮ್ಮಿನಲ್ಲಿ ‘ದುಭಾಷಿ ಬೇಕೇ?’ ಎಂದು ಒಂದು ಚೌಕವಿತ್ತು. ಗುರುತು ಹಾಕಿದೆ. ಕಳಿಸಿಕೊಟ್ಟರು ಒಬ್ಬಳನ್ನು. ಗಲ್ಲದ ಮೇಲೆ ಮಚ್ಚೆ, ಆದ್ದರಿಂದ ಮಚ್ಚೆ. ಮೂವತ್ತರ ಆಸುಪಾಸು. ಕೈ ಎಷ್ಟು ಸ್ವಚ್ಛ ಅಂದರೆ ನೋಡುತ್ತಾ ಕೂರಬಹುದು.

ಜನವರಿ ಇಪ್ಪತ್ತೊಂದಕ್ಕೆ ಆಪರೇಷನ್. ಪೂರ್ತಿ ಮಲಗಿಸುವುದಿಲ್ಲ, ಭುಜದ ಹತ್ತಿರ ಸೂಜಿ ಕೊಟ್ಟು ತೋಳು ಮಾತ್ರ ಮರಗಟ್ಟಿಸುತ್ತಾರೆ. ನರ್ಸು ಎಡಗೈಗೆ ಡ್ರಿಪ್ ಹಾಕಲು ಬಂದಳು. ಮಣಿಕಟ್ಟಿನ ಹಿಂದೆ ಸೂಜಿ ಚುಚ್ಚಿ, ಅಲುಗಾಡದ ಹಾಗೆ ಹಲಗೆಗೆ ಕಟ್ಟುವುದು ಅವರ ಪದ್ಧತಿ. ಮಚ್ಚೆ ಅಡ್ಡ ಬಂದಳು. ಅವಳು ಹೇಳಿದ್ದನ್ನು ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು, ನನಗೂ ತಿಳಿಯಲಿ ಎಂದು: “ಇವರ ಬಲಗೈ ಆಗಲೇ ಹೋಯ್ತು. ಎಡಗೈನೂ ಕಟ್ಟಿದ್ರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಸೂಜಿ ಮೇಲೆ ಹಾಕಿ, ಬೆರಳು ಬಿಡಿ.” ನರ್ಸು ಹುಬ್ಬಿನ ಮುಖ ನೋಡಿದಳು. ಹುಬ್ಬು ತಲೆಯಾಡಿಸಿದರು. ಸೂಜಿ ಮೊಣಕೈಯ ಮೇಲಕ್ಕೆ ಹೋಯಿತು. ಅಷ್ಟು ಸಣ್ಣ ವಿಷಯ. ನನ್ನ ಇಷ್ಟು ವರ್ಷದ ಬದುಕಿನಲ್ಲಿ ನನ್ನ ಕೈಗಳ ಪರವಾಗಿ ಹೊರಗಿನವರೊಬ್ಬರು ವಾದ ಮಾಡಿದ್ದು ಅದೇ ಮೊದಲು.

ತೋಳು ಮರಗಟ್ಟುತ್ತಾ ಬಂದಾಗ ಮಾತ್ರ ಹೆದರಿದೆ. ನನ್ನದೇ ಬಲಗೈ, ಅಲ್ಲೇ ಇದೆ, ಆದರೆ ಯಾರದೋ ಸಾಮಾನು ನನ್ನ ಪಕ್ಕ ಮಲಗಿದ ಹಾಗೆ. ಬೆರಳನ್ನು ಏಳು ಅಂದೆ, ಏಳಲಿಲ್ಲ. ಇನ್ನು ಮಾತೇ ಬರದಿದ್ದರೆ? ನಡುವೆ ಹಸಿರು ಬಟ್ಟೆ ಕಟ್ಟಿದ್ದರು, ಆ ಕಡೆ ಏನೂ ಕಾಣದು. ಮಚ್ಚೆ ನನ್ನ ತಲೆಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ಎಲ್ಲವನ್ನೂ ಹೇಳಿದಳು. ಈಗ ಗೆರೆ ಹಾಕ್ತಿದಾರೆ, ಈಗ ಕೊಯ್ತಿದಾರೆ, ಈಗ ಇನ್ನೊಂದು ಕತ್ತರಿ ಕೇಳಿದ್ರು. ನಡುವೆ ಒಮ್ಮೆ ಕೈ ನಿಲ್ಲಿಸಿ ಮುಖ ಕಿವುಚಿದಳು. ಏನಾಯಿತು ಎಂದು ಎಡಗೈಯಲ್ಲಿ ಕೇಳಿದೆ. “ಏನಿಲ್ಲಮ್ಮಾ, ಡಾಕ್ಟ್ರು ಹಾಡು ಗುನುಗ್ತಿದಾರೆ. ಹೇಳೋ ಹಾಗಿಲ್ಲ, ಅಷ್ಟು ಕೆಟ್ಟದಾಗಿದೆ” ಎಂದಳು. ನಾನು ನಕ್ಕಿದ್ದಕ್ಕೆ ಮೈ ಅಲುಗಿ, ಹುಬ್ಬು ಬಟ್ಟೆಯ ಮೇಲಿಂದ ಇಣುಕಿ, ಯಾಕೆ ನಗು ಎಂದು ವಿಚಾರಿಸಿದರು. ಮಚ್ಚೆ ಅದನ್ನು ಅವರಿಗೆ ಹೇಗೆ ಅನುವಾದ ಮಾಡಿದಳೋ ನಾನು ಕೇಳಲಿಲ್ಲ.

ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಹುಬ್ಬು ಆ ಹುರಿಯನ್ನು ಬಟ್ಟಲಲ್ಲಿ ತಂದು ತೋರಿಸಿದರು. ಬಿಳಿಯ, ಬೆರಳುದ್ದದ ಚೂರು. ನಾಲ್ಕು ವರ್ಷ ನನ್ನ ನಾಲಿಗೆ ಹಿಡಿದಿಟ್ಟದ್ದು ಇಷ್ಟೇ ಇಷ್ಟು.

ಆಮೇಲಿನ ಎರಡು ವಾರ ಬಲಗೈಗೆ ದೊಡ್ಡ ಬ್ಯಾಂಡೇಜು. ಊತ ಇಳಿಯಲೆಂದು ಯಾವಾಗಲೂ ಎದೆಗಿಂತ ಮೇಲೆ ಎತ್ತಿ ಹಿಡಿದಿರಬೇಕು. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಹಾಗೆ ಮನೆಯೆಲ್ಲ ಓಡಾಡಿದೆ. ಎಡಗೈಯಲ್ಲಿ ಮಾತಾಡಿದರೆ ಎಲ್ಲ ತಿರುಗುಮುರುಗು. ನಿಮ್ಮಪ್ಪ ನನ್ನ ತಲೆಗೆ ಸ್ನಾನ ಮಾಡಿಸಿದರು, ಗುಂಡಿ ಹಾಕಿದರು, ಜಡೆಯನ್ನೂ ಹೆಣೆದರು. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಕ್ಷರದ ಮೊಳೆ ಜೋಡಿಸಿದ ಕೈ ಅಲ್ಲವೇ, ಜಡೆ ನೂಲು ಹಿಡಿದು ಅಳೆದ ಹಾಗಿರುತ್ತಿತ್ತು. ಒಂದು ದಿನ ಯಾವುದಕ್ಕೋ ಸಿಟ್ಟು ಬಂದು ಎಡಗೈಯಲ್ಲೇ ಸರಿಯಾಗಿ ಬೈದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, “ಇದು ಅಕ್ಷರ ತಪ್ಪಿರೋ ಬೈಗುಳ, ತಿದ್ದಿ ಕಳಿಸು” ಎಂದರು.

ಇವತ್ತಿಗೆ ಇಷ್ಟು.

ಮಾರ್ಚ್ ೧೪, ಶುಕ್ರವಾರ

ಈಗ ಕಷ್ಟದ ಭಾಗ. ಹೊಲಿಗೆ ಬಿಚ್ಚಿದಾಗ ಬೆರಳುಗಳು ನೆಟ್ಟಗಿದ್ದವು. ಖುಷಿಯಿಂದ ಮುಷ್ಟಿ ಮಾಡಹೋದೆ. ಆಗಲಿಲ್ಲ. ಮೊದಲು ಬಗ್ಗಿದ್ದು ಏಳುತ್ತಿರಲಿಲ್ಲ, ಈಗ ಎದ್ದದ್ದು ಬಗ್ಗಲೊಲ್ಲದು. ಅಂಗೈ ತುಂಬ ಅಂಕುಡೊಂಕು ಗಾಯ, ಬೆರಳುಗಳು ಊದಿ ಬೇರೆಯವರ ಬೆರಳಿನ ಹಾಗೆ. ಒಂದು ಕೆಟ್ಟ ಬೊಂಬೆಗೆ ಇನ್ನೊಂದು ಕೆಟ್ಟ ಬೊಂಬೆ ಬದಲಿಗೆ ತಂದುಕೊಂಡೆನಲ್ಲ ಎನ್ನಿಸಿತು.

ಕೈಯ ವ್ಯಾಯಾಮ ಮಾಡಿಸುವವಳಿಗೆ ನಾನಿಟ್ಟ ಹೆಸರು ಇನ್ನೊಂದ್ಸಲ. ಅವಳ ಬಾಯಿ ಅಲುಗಿದರೆ ಅದೇ ಮಾತು, ತುಟಿ ನೋಡಿಯೇ ತಿಳಿಯುತ್ತದೆ, ದುಭಾಷಿ ಬೇಡ. ಬಿಸಿನೀರಿನಲ್ಲಿ ಸ್ಪಂಜು ಹಿಂಡು, ಇನ್ನೊಂದ್ಸಲ. ಮೇಜಿನ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕು, ಇನ್ನೊಂದ್ಸಲ. ಗಾಯದ ಗೆರೆಗೆ ಮುಲಾಮು ಹಚ್ಚಿ ದುಂಡಗೆ ತಿಕ್ಕು. ರಾತ್ರಿ ಮಲಗುವಾಗ ಬೆರಳು ಬಗ್ಗದ ಹಾಗೆ ಸ್ಪ್ಲಿಂಟ್ ಎಂಬ ಗಟ್ಟಿ ಪಟ್ಟಿ ಕಟ್ಟಿಕೊಳ್ಳಬೇಕು, ಆರು ತಿಂಗಳು. ನಾಲ್ಕನೇ ವಾರ ಹಟಮಾಡಿ ಬಿಟ್ಟುಬಿಟ್ಟೆ. ಮೂರು ದಿನ ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಗೋಡೆ ಕಡೆ ತಿರುಗಿದ ಕಿವುಡಿಯನ್ನು ಯಾರು ಮಾತಾಡಿಸಲು ಸಾಧ್ಯ? ನಿಮ್ಮಪ್ಪ ಮಾಡಿದ್ದೇನು ಗೊತ್ತೇ? ಒಂದು ಕುರ್ಚಿ ತಂದು ಗೋಡೆಗೂ ಮಂಚಕ್ಕೂ ನಡುವೆ ತುರುಕಿ, ಆ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ಕೂತರು. “ನಂಗೆ ವಯಸ್ಸಾಯ್ತು. ಮಾತಾಡೋಕೆ ಇರೋದು ನೀನೊಬ್ಬಳು. ನಿನ್ನ ಅರ್ಧ ಮಾತು ಕೇಳ್ಕೊಂಡು ಉಳಿದ ಆಯಸ್ಸು ಕಳೀಬೇಕಾ ನಾನು?” ಎಂದರು. ಹಾಗೆಂದವರು ಎದ್ದು ಹೋಗಲು ನೋಡಿದರೆ ಏಳಲಾಗಲಿಲ್ಲ, ಸಿಕ್ಕಿಹಾಕಿಕೊಂಡಿದ್ದರು. ಮಂಚ ಎಳೆದು ಬಿಡಿಸಬೇಕಾಯಿತು. ಎರಡೂ ಕೈ ಹಾಕಿ ಎಳೆದೆ. ಎಳೆದ ಮೇಲೆ ನೋಡಿಕೊಳ್ಳುತ್ತೇನೆ, ಬಲಗೈಯ ಬೆರಳುಗಳು ಮಂಚದ ಪಟ್ಟಿಯನ್ನು ಸುತ್ತಿ ಹಿಡಿದಿವೆ. ಪೂರ್ತಿಯಲ್ಲ, ಮುಕ್ಕಾಲು.

ಮಾರನೇ ದಿನ ಇನ್ನೊಂದ್ಸಲಳ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ. ಗುಂಡಿಯ ಡಬ್ಬಿ ಮೇಜಿನ ಮೇಲೆ ಸುರಿದಳು, ಅಷ್ಟೇ.

ನಿನ್ನೆ ಹುಬ್ಬಿನ ಹತ್ತಿರ ಹೋಗಿದ್ದೆವು. ಕೈ ಕವುಚಿ ಇಡಿ ಎಂದರು. ಇಟ್ಟೆ. ಅವರು ಒಂದು ಕಾಗದ ತೆಗೆದುಕೊಂಡು ಅಂಗೈಯ ಕೆಳಗೆ ತೂರಿಸಲು ನೋಡಿದರು. ಉಂಗುರದ ಬೆರಳಿನ ಕೆಳಗೆ ಹೋಗಲಿಲ್ಲ. ಕಿರುಬೆರಳಿನ ಕೆಳಗೆ ತುದಿ ಮಾತ್ರ ತೂರಿತು. ಕಿರುಬೆರಳು ಇಷ್ಟು ಬಾಗಿಯೇ ಇರುತ್ತದಂತೆ, ಒಪ್ಪಿಕೊಳ್ಳಬೇಕು. ಒಪ್ಪಿಕೊಂಡೆ. ಆಪರೇಷನ್ ಆಗಿ ಮೂರು ತಿಂಗಳಾದ ಮೇಲೆ ಕೆಲಸಕ್ಕೆ ಹೋಗಬಹುದು, ಮೊದಲು ಅರ್ಧ ದಿನ. ಒಡತಿಗೆ ಚೀಟಿ ಕಳಿಸಿದ್ದೆ. ಕತ್ತರಿಯ ಮೇಜು ಖಾಲಿ ಇಟ್ಟಿದ್ದೇನೆ ಎಂದು ಉತ್ತರ ಬಂದಿದೆ.

ಮನೆಗೆ ಬರುವಾಗ ಸಂಘಕ್ಕೆ ಹೋದೆವು. ಮಚ್ಚೆ ಡಾಕ್ಟರರ ಹಾಡಿಗೆ ಮುಖ ಕಿವುಚಿದ ಕಥೆಯನ್ನು ಹೇಳಿದೆ, ಎರಡೂ ಕೈಯಲ್ಲಿ, ಮೊದಲಿನಿಂದ ಕೊನೆಯವರೆಗೆ. ಮಧ್ಯೆ ಗುಳಿಕೆನ್ನೆಯ ಕಡೆ ನೋಡಿದೆ. ಅವಳು ತಲೆಯಾಡಿಸುತ್ತಿರಲಿಲ್ಲ. ನಗುವುದಕ್ಕೆ ಸರಿಯಾದ ಜಾಗದಲ್ಲಿ ನಕ್ಕಳು, ನಂತರ ಅಳಲು ಶುರುಮಾಡಿದಳು, ನಾನೂ ಅತ್ತೆ. ಕಥೆ ಅಲ್ಲೇ ಕೆಟ್ಟಿತು.

ನಿನ್ನ ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗಲಿ. ಹೊಸ ಡ್ರೈವರುಗಳ ಮೇಲೆ ಜಾಸ್ತಿ ರೇಗಬೇಡ, ನೀನೂ ಮೊದಲ ವಾರ ಗೇಟಿಗೆ ಬಸ್ಸು ಗುದ್ದಿದವಳೇ. ನೀನು ಹೋಗುವ ದಾರಿಯೆಲ್ಲ ಸಮನಾಗಿರಲಿ, ಮನಸ್ಸಿಗೆ ನೆಮ್ಮದಿಯಿರಲಿ, ಅಮ್ಮನ ಎರಡೂ ಕೈ ನಿನ್ನ ತಲೆಯ ಮೇಲಿವೆ.

ಪ್ರೀತಿಯಿಂದ,
ನಿನ್ನ ಅಮ್ಮ

ಮತ್ತೆ ಬರೆದದ್ದು: ಅಪ್ಪ ಪತ್ರ ಓದಿ ವಾಪಸು ನನ್ನ ಮುಂದಿಟ್ಟರು. “ಅವಳು ಕೇಳಿದ್ದಕ್ಕೆ ಉತ್ತರ ಎಲ್ಲಿದೆ?” ಎಂದರು. ಇಲ್ಲ. ತರಬೇತಿ, ಹತ್ತು ಜನ, ಅದೆಲ್ಲ ನೆಪ.

ಹೊಲಿಗೆ ಬಿಚ್ಚಿದ ದಿನ ಮಚ್ಚೆ ತಡವಾಗಿ ಬಂದಳು, ಕಣ್ಣು ಕೆಂಪಗಿತ್ತು. ಬೇರೆ ವಾರ್ಡಿನಲ್ಲಿ ಯಾರಿಗೋ ಕೆಟ್ಟ ಸುದ್ದಿ ಮುಟ್ಟಿಸಬೇಕಾಗಿತ್ತಂತೆ. ಅಂಥ ದಿನ ದುಭಾಷಿಯನ್ನು ಒಂಟಿಯಾಗಿ ಮನೆಗೆ ಕಳಿಸುವುದಿಲ್ಲವಂತೆ. ಹಿರಿಯರೊಬ್ಬರು ಜೊತೆಗೆ ಕೂತು, ಮಾತಾಡಿಸಿ, ಮನಸ್ಸು ಹಗುರಾದ ಮೇಲೆ ಬಿಡುತ್ತಾರಂತೆ. “ಸುದ್ದಿ ನಮ್ಮ ಕೈಯಿಂದ ಹೋಗುತ್ತಲ್ಲಮ್ಮಾ, ನಾವೇ ಮಾಡಿದ ಹಾಗೆ ಅನ್ಸುತ್ತೆ” ಎಂದಳು.

ಅವಳಿಗೆ ಮೂವತ್ತು ವರ್ಷ. ನಿನಗೆ ಆಗ ಒಂಬತ್ತು.

ನನಗೆ ಏಳನೇ ತಿಂಗಳು. ಅಪ್ಪ ಪ್ರೆಸ್ಸಿನಲ್ಲಿದ್ದರು. ಮನೆಯಲ್ಲಿ ಕಿವಿ ಕೇಳುವವಳು ನೀನೊಬ್ಬಳೇ ಎಂದು ನಿನ್ನನ್ನು ಶಾಲೆಯಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ, ಚೀಲ ಇನ್ನೂ ನಿನ್ನ ಬೆನ್ನ ಮೇಲಿತ್ತು. ಡಾಕ್ಟರು ನಿನ್ನ ಕಡೆ ತಿರುಗಿ ಏನೋ ಹೇಳಿದರು. ನೀನು ಚೀಲದ ಪಟ್ಟಿಯನ್ನು ಬಿಗಿಯಾಗಿ ಎಳೆದುಕೊಂಡೆ. ಆಮೇಲೆ ‘ಪಾಪು ಮಲಗಿದೆ, ಏಳಲ್ಲ’ ಎಂದೆ. ಸರಿಯಾಗಿ ಕೇಳು ಎಂದೆ ನಾನು. ಕೇಳಿ ಬಂದು ಮತ್ತೆ ಅದೇ ಎರಡು ಸನ್ನೆ ಮಾಡಿದೆ. ಮೂರನೇ ಸಲ ಮಾಡುವಾಗ ನಿನ್ನ ಕೈಗಳ ಮೇಲೆ ಹೊಡೆದೆ. ಜೋರಾಗಿ, ಎರಡು ಏಟು. ನೀನು ಕೈಗಳನ್ನು ಫ್ರಾಕಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡೆ. ಮನೆ ತಲುಪುವವರೆಗೂ ಹೊರಗೆ ತೆಗೆಯಲಿಲ್ಲ. ಆ ಸಂಜೆ ಬಂದವರೆಲ್ಲ ನನ್ನನ್ನು ಅಪ್ಪಿಕೊಂಡು ಅತ್ತರು. ನಿನ್ನನ್ನು ಯಾರು ಅಪ್ಪಿಕೊಂಡರು ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಯಾರೂ ಇರಲಿಲ್ಲ ಎಂದು ಕಾಣುತ್ತದೆ.

ನೀನು ಬೇಡವೆಂದು ಕರೆಯದೆ ಇದ್ದದ್ದಲ್ಲ ಮಗಳೇ. ಡಾಕ್ಟರೊಬ್ಬರ ಮಾತನ್ನು ಇನ್ನೊಮ್ಮೆ ನಿನ್ನ ಕೈಯಿಂದ ಬರಿಸುವ ಧೈರ್ಯ ನನಗಿರಲಿಲ್ಲ.

ತಪ್ಪಾಯಿತು. ಇಪ್ಪತ್ತೈದು ವರ್ಷ ತಡವಾಗಿ ಹೇಳುತ್ತಿದ್ದೇನೆ, ಅದೂ ಕಾಗದದ ಮೇಲೆ. ರಜೆ ಸಿಕ್ಕಾಗ ಬಾ, ಎದುರಿಗೆ ನಿಂತು ಹೇಳುತ್ತೇನೆ. ಆಮೇಲೆ ಆ ದಿನ ನಿನಗೆ ಹೇಗಿತ್ತು ಎಂದು ನೀನು ಹೇಳು. ಎಷ್ಟು ಹೊತ್ತಾದರೂ ಸರಿ, ನಾನು ನಿನ್ನ ಕೈಗಳಿಂದ ಕಣ್ಣು ತೆಗೆಯುವುದಿಲ್ಲ.